ಜೀರ್ಣೋದ್ಧಾರ ಮತ್ತು ಕಂಬಿಯ ತುಕ್ಕು

ಹಂಪಿಯ ವಿರೂಪಾಕ್ಷ ದೇವಾಲಯದಲ್ಲಿರುವ, ಕೃಷ್ಣದೇವರಾಯನ ಪಟ್ಟಾಭಿಷೇಕ ಕಾಲದ 1509-10ರ ಶಾಸನವು ಹೊಸ ರಂಗಮಂಟಪದ ನಿರ್ಮಾಣದ ಜೊತೆಯಲ್ಲೇ ಹಳೆಯ ಗೋಪುರದ ಜೀರ್ಣೋದ್ಧಾರವನ್ನೂ ದಾಖಲಿಸುತ್ತದೆ. ದುರಸ್ತಿಗೆ ಮುನ್ನ ಮೂರ್ತಿಯ ಸಾನ್ನಿಧ್ಯವನ್ನು ಕಲಶಕ್ಕೆ ಇಳಿಸಿ ಬಾಲಾಲಯದಲ್ಲಿ, ಅಂದರೆ ತಾತ್ಕಾಲಿಕ ಗುಡಿಯಲ್ಲಿ, ಪೂಜಿಸುವ ಕಲಾಕರ್ಷಣವೆಂಬ ಆಗಮವಿಧಿಯು, ಕಲ್ಲು ಬದಲಾದರೂ ದೇವಾಲಯ ಅದೇ ಆಗಿ ಉಳಿಯುವುದು ಹೇಗೆ ಎಂಬ ಪ್ರಶ್ನೆಗೆ ಸಿಕ್ಕ ಉತ್ತರವೆನ್ನಬಹುದು.

ಹೊಸಪೇಟೆ, ಕಂಪ್ಲಿ, ಸಂಡೂರುಗಳ ಆರ್‌ಸಿಸಿ, ಅಂದರೆ ಒಳಗೆ ಉಕ್ಕಿನ ಕಂಬಿಯಿರುವ ಕಾಂಕ್ರೀಟಿನ, ಕಟ್ಟಡಗಳ ವಿಷಯದಲ್ಲಿ ಈ ಪ್ರಶ್ನೆ ಇನ್ನಷ್ಟು ಕಠಿಣವಾಗುತ್ತದೆ. ಕಾಂಕ್ರೀಟಿನ ಕ್ಷಾರಗುಣ, ಅಂದರೆ 13ರ ಆಸುಪಾಸಿನ ಪಿಎಚ್, ಕಂಬಿಯ ಮೇಲಿನ ತೆಳುವಾದ ರಕ್ಷಾಪದರವನ್ನು ಉಳಿಸಿರುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ಆ ಗುಣವನ್ನು ತಗ್ಗಿಸಿದಾಗ, ಅಥವಾ ಕ್ಲೋರೈಡ್ ಉಪ್ಪು ಆ ಪದರವನ್ನು ಭೇದಿಸಿದಾಗ, ಕಂಬಿ ತುಕ್ಕು ಹಿಡಿದು, ತುಕ್ಕು ಉಕ್ಕಿಗಿಂತ ಹಲವು ಪಟ್ಟು ಉಬ್ಬಿ, ಹೊದಿಕೆಯನ್ನು ಸಿಡಿಸುತ್ತದೆ. ಉದುರಿದಷ್ಟಕ್ಕೇ ಗಾರೆ ಮೆತ್ತಿದರೆ (ಅಗ್ಗದ ದುರಸ್ತಿ ಅಲ್ಲಿಗೇ ಮುಗಿಯುತ್ತದೆ) ಉಪ್ಪಿರುವ ಕಾಂಕ್ರೀಟಿನಲ್ಲಿ ಹಾನಿ ತೇಪೆಯ ಅಂಚಿಗೆ ಸರಿಯುತ್ತದೆ: ಅದುವರೆಗೆ ತಾನು ಕರಗುತ್ತ ಪಕ್ಕದ ಕಂಬಿಯನ್ನು ಕಾಯುತ್ತಿದ್ದ ಭಾಗ ಸರಿಹೋದೊಡನೆ ಆ ಪಕ್ಕದ ಕಂಬಿಯೇ ಕರಗತೊಡಗುತ್ತದೆ. ಕೇಡು ಅಳಿಯುತ್ತದೆಯೋ, ಬರೀ ನೆಲೆ ಬದಲಿಸುತ್ತದೆಯೋ ಎಂಬ ಕರ್ಮವಿಚಾರದ ಸಂದೇಹಕ್ಕೆ ಇಷ್ಟು ಸ್ಪಷ್ಟವಾದ ನಿದರ್ಶನ ವಿರಳ.

ಆದ್ದರಿಂದ ಬಾಳಿಕೆಯ ದುರಸ್ತಿಯಲ್ಲಿ ಕಂಬಿಯ ಹಿಂಬದಿಯವರೆಗೂ ಕಾಂಕ್ರೀಟನ್ನು ಒಡೆದು, ತುಕ್ಕನ್ನು ಉಜ್ಜಿ ತೆಗೆದು, ಅಂಚಿನಲ್ಲಿ ಸತುವಿನ ತುಂಡೊಂದನ್ನು ಕಂಬಿಗೆ ಬಿಗಿಯಲಾಗುತ್ತದೆ. ಉಕ್ಕಿನ ಬದಲು ಸತು ಸವೆಯುತ್ತದೆ, ಸವೆದು ಮುಗಿದ ಮೇಲೆ ಮತ್ತೆ ಇಡಬೇಕಾಗುತ್ತದೆ. ಹನ್ನೆರಡು ವರ್ಷಕ್ಕೊಮ್ಮೆ ದೇವಾಲಯವನ್ನು ದುರಸ್ತಿ ಮಾಡಿ ಕುಂಭಾಭಿಷೇಕ ನಡೆಸುವ ರೂಢಿಯೂ ದುರಸ್ತಿಯನ್ನು ಒಮ್ಮೆಗೇ ಮುಗಿಯುವ ಕೆಲಸವೆಂದು ಎಣಿಸಿದ್ದಲ್ಲ. ಆರ್‌ಸಿಸಿ ಕಟ್ಟಡದ ಅಂದಾಜು ಪಟ್ಟಿಯಲ್ಲಿ ಮಾತ್ರ ಹೀಗೆ ಮರುಕಳಿಸುವ ದುರಸ್ತಿಯ ಬಾಬತ್ತು ಸಾಮಾನ್ಯವಾಗಿ ಇರುವುದಿಲ್ಲ.