ಸರದಿಯ ಹಿರಿತನ

ಅಮೆರಿಕ ದೇಶದ ಹೈಸ್ಕೂಲುಗಳಲ್ಲಿ ಸಾಮಾನ್ಯವಾಗಿ 9ನೆಯ ತರಗತಿಯಿಂದ 12ನೆಯ ತರಗತಿಯವರೆಗೆ ನಾಲ್ಕು ವರ್ಷಗಳ ವ್ಯಾಸಂಗಕ್ರಮವುಂಟು. ಅದರ ಕೊನೆಯ ವರ್ಷವನ್ನು ಮುಟ್ಟಿದ ಹುಡುಗ ಹುಡುಗಿಯರಿಗೆ ‘ಸೀನಿಯರ್’ ಎಂಬ ಹೆಸರು ಸಲ್ಲುತ್ತದೆ. ಆ ಹೆಸರಿನೊಡನೆ, ಕೆಳಗಿನ ತರಗತಿಗಳವರಿಗೆ ಬಹುಮಟ್ಟಿಗೆ ದೊರೆಯದ ಹಲವು ಸವಲತ್ತುಗಳೂ ಆಚಾರಗಳೂ ಬಂದು ಸೇರುತ್ತವೆ. ಮಧ್ಯಾಹ್ನದ ಊಟಕ್ಕೆ ಶಾಲೆಯ ಆವರಣವನ್ನು ಬಿಟ್ಟು ಹೊರಗೆ ಹೋಗಿಬರುವ ಅನುಮತಿ, ಕಾರು ನಿಲ್ಲಿಸಲು ಮೀಸಲಾದ ಜಾಗ, ಆ ಜಾಗದ ನೆಲದ ಮೇಲೆ ತಮ್ಮ ಮನಸ್ಸಿಗೆ ಬಂದ ಚಿತ್ರವನ್ನು ಬಿಡಿಸಿಕೊಳ್ಳುವ ಸ್ವಾತಂತ್ರ್ಯ, ಎಲ್ಲರೂ ಒಟ್ಟಾಗಿ ತರಗತಿಗೆ ಚಕ್ಕರ್ ಹೊಡೆಯುವ ಒಂದು ದಿವಸ, ಉಪಾಧ್ಯಾಯರು ಕಂಡೂ ಕಾಣದಂತೆ ಸಹಿಸಿಕೊಳ್ಳುವ ಒಂದು ತುಂಟಾಟ, ವಸಂತದಲ್ಲಿ ‘ಪ್ರಾಮ್’ ಎಂಬ ನೃತ್ಯೋತ್ಸವ, ಬೆರಳಿಗೆ ತರಗತಿಯ ಉಂಗುರ, ಕಡೆಯಲ್ಲಿ ಗೌನು ಟೋಪಿಗಳನ್ನು ಧರಿಸಿ ಪ್ರಮಾಣಪತ್ರವನ್ನು ಕೈಗೊಳ್ಳುವ ಸಮಾರಂಭ—ಇವು ಶಾಲೆಯಿಂದ ಶಾಲೆಗೆ ಅಷ್ಟಿಷ್ಟು ವ್ಯತ್ಯಾಸವಾದರೂ, ಒಟ್ಟಿನ ಸ್ವರೂಪದಲ್ಲಿ ಆ ದೇಶದ ಉದ್ದಗಲಕ್ಕೂ ಪರಿಚಿತವಾದುವು.

ಎಳೆಯರ ಈ ಸಂಭ್ರಮದಲ್ಲಿ ತತ್ತ್ವವಿಚಾರಕ್ಕೆ ಎಡೆಯೆಲ್ಲಿದೆ ಎಂದು ಕೇಳುವವರು ಕೇಳಬಹುದು. ಆದರೆ ಈ ಸವಲತ್ತುಗಳ ಬುಡದಲ್ಲಿರುವ ಸೂತ್ರವನ್ನು ಬಿಡಿಸಿ ನೋಡಿದರೆ, ಧರ್ಮಶಾಸ್ತ್ರಕಾರರನ್ನೂ ಸಂನ್ಯಾಸಿಗಳ ಸಂಘಗಳನ್ನೂ ಬಹುಕಾಲ ಕಾಡಿದ ಪ್ರಶ್ನೆಯೊಂದು ಅಲ್ಲಿ ನಮಗೆ ಎದುರಾಗುತ್ತದೆ. ಹೊರಗೆ ಹೋಗಿ ಊಟಮಾಡುವ ಹಕ್ಕನ್ನು ಆ ಹುಡುಗನು ಪಡೆದದ್ದು ಜಾಣತನದಿಂದಲ್ಲ, ಸನ್ನಡತೆಯಿಂದಲ್ಲ, ಕುಲದಿಂದಲ್ಲ, ತಂದೆಯ ಹಣದಿಂದಲೂ ಅಲ್ಲ. ಮೂರು ವರ್ಷ ಅಲ್ಲಿದ್ದು ನಾಲ್ಕನೆಯದಕ್ಕೆ ಕಾಲಿಟ್ಟನೆಂಬುದೊಂದರಿಂದಲೇ. ಕಾಲವು ಕಳೆಯಿತೆಂಬ ಮಾತ್ರದಿಂದ ಮನುಷ್ಯನಿಗೆ ಹಿರಿಮೆ ಪ್ರಾಪ್ತವಾಗುವುದು ನ್ಯಾಯವೆ? ನ್ಯಾಯವಾದರೆ, ಆ ಹಿರಿಮೆಯ ಎಲ್ಲೆ ಯಾವುದು?

ನ್ಯಾಯವಲ್ಲವೆಂಬ ಪಕ್ಷಕ್ಕೆ ನಮ್ಮ ಪರಂಪರೆಯಲ್ಲಿ ಬಲವಾದ ಆಧಾರಗಳಿವೆ. ಮಹಾಭಾರತದ ವನಪರ್ವದಲ್ಲಿ, ಜನಕನ ಯಜ್ಞಶಾಲೆಯ ಬಾಗಿಲಿಗೆ ಬಂದ ಅಷ್ಟಾವಕ್ರನನ್ನು ದ್ವಾರಪಾಲಕನು, ಇದು ವೃದ್ಧರಾದ ವಿದ್ವಾಂಸರಿಗೆ ತೆರೆದ ಬಾಗಿಲೇ ಹೊರತು ಬಾಲಕರಿಗಲ್ಲವೆಂದು ತಡೆಯುತ್ತಾನೆ. ತಲೆ ನರೆತದ್ದರಿಂದ ಯಾರೂ ಹಿರಿಯರಾಗುವುದಿಲ್ಲ, ವಿದ್ಯೆಯೇ ಹಿರಿತನವೆಂದು ವಾದಿಸಿ ಒಳಹೊಕ್ಕ ಆ ಬಾಲಕನು ಆಸ್ಥಾನದ ವಾದಿಯಾದ ಬಂದಿಯನ್ನು ಸೋಲಿಸುತ್ತಾನೆ. ಕಲ್ಯಾಣದ ಶರಣರು ವಯಸ್ಸಿನಲ್ಲಿ ಕಿರಿಯನಾದ ಚೆನ್ನಬಸವಣ್ಣನನ್ನು ಷಟ್‌ಸ್ಥಲ ಚಕ್ರವರ್ತಿಯೆಂದು ಮನ್ನಿಸಿದರು. ಅಲ್ಲಿಯೂ ಅರಿವು ವರ್ಷಗಳ ಎಣಿಕೆಯನ್ನು ಮೀರಿ ನಿಂತಿತು. ಈ ಅಳತೆಗೋಲನ್ನು ಹಿಡಿದು ನೋಡಿದರೆ ಸೀನಿಯರನ ಸವಲತ್ತು ನಿಲ್ಲಲಾರದು. 9ನೆಯ ತರಗತಿಯ ಪ್ರತಿಭಾವಂತ ಬಾಲಿಕೆಗೆ ಇಲ್ಲದ ಸ್ವಾತಂತ್ರ್ಯವು, ಹೇಗೋ ತೇಲಿಕೊಂಡು 12ನೆಯದಕ್ಕೆ ಬಂದ ಸೋಮಾರಿಗೆ ಇರುವುದು ಅಷ್ಟಾವಕ್ರನಿಗೆ ಒಪ್ಪಿಗೆಯಾಗುವ ಸಂಗತಿಯಲ್ಲ.

ಆದರೆ ಇದರ ಇನ್ನೊಂದು ಮಗ್ಗುಲನ್ನು ಬೌದ್ಧಸಂಘದ ಚರಿತ್ರೆ ನಮಗೆ ತೋರಿಸಿಕೊಡುತ್ತದೆ. ಸಂಘದಲ್ಲಿ ಭಿಕ್ಷುಗಳ ಹಿರಿತನವು ದೀಕ್ಷೆಯ ದಿನದಿಂದ ಮೊದಲಾಗಿ, ಅವರು ಕಳೆದ ವರ್ಷಾವಾಸಗಳ, ಎಂದರೆ ಮಳೆಗಾಲದ ವಾಸಗಳ, ಲೆಕ್ಕದಿಂದ ನಿರ್ಣಯವಾಗುತ್ತಿತ್ತು. ಮೊದಲು ಬಂದವನು ಹಿರಿಯ, ಆಮೇಲೆ ಬಂದವನು ಕಿರಿಯ. ಶಾಕ್ಯಕುಲದ ರಾಜಕುಮಾರರಾದ ಅನುರುದ್ಧ, ಭದ್ದಿಯ, ಆನಂದ ಮೊದಲಾದವರು ಪ್ರವ್ರಜ್ಯೆಯನ್ನು ಬೇಡಿ ಬುದ್ಧನ ಬಳಿಗೆ ಬಂದಾಗ, ಅವರ ಜೊತೆಯಲ್ಲಿ ಉಪಾಲಿಯೆಂಬ ಅವರ ಕ್ಷೌರಿಕನೂ ಇದ್ದನು. ತಾವು ಶಾಕ್ಯರೆಂಬ ಅಹಂಕಾರ ತಮ್ಮಲ್ಲಿ ಬಲವಾಗಿದೆಯೆಂದೂ, ಬಹುಕಾಲ ತಮ್ಮ ಸೇವೆಯಲ್ಲಿದ್ದ ಈತನಿಗೆ ಮೊದಲು ದೀಕ್ಷೆ ಕೊಟ್ಟರೆ ತಾವು ಅವನಿಗೆ ನಮಸ್ಕರಿಸಲೇಬೇಕಾಗಿ ಬಂದು ಆ ಅಹಂಕಾರ ಅಡಗುವುದೆಂದೂ ಆ ರಾಜಕುಮಾರರೇ ಬಿನ್ನವಿಸಿದರೆಂದು ಸಂಘದ ನಿಯಮಗ್ರಂಥವಾದ ವಿನಯಪಿಟಕವು ಹೇಳುತ್ತದೆ. ಬುದ್ಧನು ಹಾಗೆಯೇ ಮಾಡಿದನು. ಮುಂದೆ ಉಪಾಲಿಯೇ ವಿನಯದಲ್ಲಿ ಅಗ್ರಗಣ್ಯನೆನಿಸಿ, ರಾಜಗೃಹದಲ್ಲಿ ನಡೆದ ಪ್ರಥಮ ಸಂಗೀತಿಯೆಂಬ ಸಭೆಯಲ್ಲಿ ಸಂಘದ ನಿಯಮಗಳನ್ನು ಪಾಠ ಒಪ್ಪಿಸಿದನೆಂದು ಸಂಪ್ರದಾಯ.

ಜನ್ಮದಿಂದ ಬಂದ ಹಿರಿಮೆಯನ್ನು ಮುರಿಯಲು ಅಲ್ಲಿ ಉಪಯೋಗಕ್ಕೆ ಬಂದ ಆಯುಧ ಯಾವುದು? ಯೋಗ್ಯತೆಯಲ್ಲ, ಕಾಲ. ಯೋಗ್ಯತೆಯನ್ನು ಅಳೆಯಹೊರಟರೆ ಅಳೆಯುವವನ ಪಕ್ಷಪಾತವೂ, ಅಳೆಸಿಕೊಳ್ಳುವವನ ಮನೆತನದ ಅನುಕೂಲಗಳೂ ಮೆಲ್ಲಗೆ ಒಳನುಸುಳುತ್ತವೆ. ಓದಿದವರ ಮನೆಯ ಮಗುವಿನ ಜಾಣತನದಲ್ಲಿ ಮನೆಯ ಪಾಲೆಷ್ಟು, ಮಗುವಿನ ಪಾಲೆಷ್ಟು ಎಂಬುದನ್ನು ಬೇರ್ಪಡಿಸಿ ಹೇಳುವವರಾರು? ಕಾಲಕ್ಕೆ ಈ ದಾಕ್ಷಿಣ್ಯವಿಲ್ಲ. ಸರದಿಯಿಂದ ಬಂದ ಹಿರಿತನದ ವಿಶೇಷವೆಂದರೆ, ಇಂದು ಅದು ಇಲ್ಲದವನಿಗೂ ನಾಳೆ ಅದು ಬರುತ್ತದೆ, ಇಂದು ಅದು ಇರುವವನಿಂದ ನಾಳೆ ಅದು ಕಳಚಿಹೋಗುತ್ತದೆ. ಕುಲ ಸಂಪತ್ತುಗಳ ಹಿರಿಮೆಯು ಒಂದೆಡೆ ಹೆಪ್ಪುಗಟ್ಟಿ ನಿಲ್ಲುತ್ತದೆ, ಇದಾದರೋ ಹರಿಯುತ್ತಿರುತ್ತದೆ. ಪರೀಕ್ಷೆಯ ಅಂಕಗಳಲ್ಲಿಯೂ ಆಟದ ಮೈದಾನದಲ್ಲಿಯೂ ಎಂದೂ ಮುಂದೆ ಬರಲಾರದ ಹುಡುಗನು ಕೂಡ ಒಂದು ವರ್ಷದ ಮಟ್ಟಿಗೆ ಹಿರಿಯನೆನಿಸಿಕೊಳ್ಳುವ ಏರ್ಪಾಡಿನಲ್ಲಿ ಒಂದು ಬಗೆಯ ಕರುಣೆಯೂ ಇದೆ.

ಇದು ತತ್ತ್ವ. ಆಚರಣೆಯಲ್ಲಿ ಆ ಹರಿವಿಗೆ ಅಡ್ಡಗಟ್ಟೆಗಳು ಇಲ್ಲದೆ ಇಲ್ಲ. ಮಿಸಿಸಿಪಿ ರಾಜ್ಯದ ಚಾರ್ಲ್ಸ್‌ಟನ್ ಎಂಬ ಸಣ್ಣ ಊರಿನ ಹೈಸ್ಕೂಲಿನಲ್ಲಿ ಬಿಳಿಯರೂ ಕರಿಯರೂ ಒಂದೇ ತರಗತಿಯಲ್ಲಿ ಕುಳಿತು ಓದುತ್ತಿದ್ದರೂ, ಪ್ರಾಮ್ ಉತ್ಸವ ಮಾತ್ರ ವರ್ಣಕ್ಕೊಂದರಂತೆ ಬೇರೆಬೇರೆಯಾಗಿ ನಡೆಯುತ್ತಿತ್ತು. ಎಲ್ಲರೂ ಕೂಡಿ ಒಂದೇ ಉತ್ಸವ ನಡೆಸುವುದಾದರೆ ಅದರ ವೆಚ್ಚವನ್ನು ತಾನು ವಹಿಸುವೆನೆಂದು, ಆ ಪ್ರಾಂತದಲ್ಲಿಯೇ ಬೆಳೆದ ನಟ ಮಾರ್ಗನ್ ಫ್ರೀಮನ್ 1997ರಲ್ಲಿ ಮುಂದೆ ಬಂದರೂ ಆ ಮಾತು ಕೈಗೂಡಲಿಲ್ಲ; 2008ರಲ್ಲಿ ಅವರು ಮತ್ತೆ ಅದನ್ನೇ ಹೇಳಿದ ಮೇಲೆ ಮೊದಲ ಸಂಯುಕ್ತ ಉತ್ಸವ ನಡೆಯಿತು, ಆ ವರ್ಷವೂ ಬಿಳಿಯರದೇ ಪ್ರತ್ಯೇಕ ಉತ್ಸವವೊಂದು ನಡೆಯದೆ ಇರಲಿಲ್ಲ. ಕಾಲವು ಸಮನಾಗಿ ಹಂಚಿದ್ದನ್ನು ಜನ್ಮವು ಹಿಂದಿನ ಬಾಗಿಲಿನಿಂದ ಬಂದು ಕಸಿದುಕೊಂಡ ನಿದರ್ಶನವಿದು. ಉಂಗುರ, ಉಡುಪು, ವಾಹನಗಳ ಖರ್ಚು ಬಡವರ ಮಕ್ಕಳನ್ನು ಸದ್ದಿಲ್ಲದೆ ಹೊರಗಿಡುವುದೂ ಇದೇ ಜಾತಿಗೆ ಸೇರಿದ್ದು.

ಇನ್ನು ಎಲ್ಲೆಯ ವಿಚಾರ. ಇದಕ್ಕೂ ವಿನಯಪಿಟಕದಲ್ಲಿ ಒಂದು ಪ್ರಸಂಗವಿದೆ. ಒಮ್ಮೆ ಭಿಕ್ಷುಸಂಘವು ಪ್ರಯಾಣದಲ್ಲಿದ್ದಾಗ, ಕೆಲವು ಸ್ವಾರ್ಥಿಗಳ ಶಿಷ್ಯರು ಮುಂದಾಗಿ ಓಡಿ ಮಲಗುವ ಎಡೆಗಳನ್ನೆಲ್ಲ ತಮ್ಮ ಗುರುಗಳಿಗೆಂದು ಹಿಡಿದುಬಿಟ್ಟರು. ಹಿರಿಯನಾದ ಸಾರಿಪುತ್ತನಿಗೆ ಎಡೆಯಿಲ್ಲದೆ ಆತನು ರಾತ್ರಿಯನ್ನು ಮರದಡಿಯಲ್ಲಿ ಕಳೆಯಬೇಕಾಯಿತು. ಬೆಳಗ್ಗೆ ಬುದ್ಧನು ಭಿಕ್ಷುಗಳನ್ನು ಕರೆದು, ಮೊದಲ ಆಸನಕ್ಕೂ ಮೊದಲ ನೀರಿಗೂ ಯಾರು ಅರ್ಹರೆಂದು ಕೇಳಲು, ಕ್ಷತ್ರಿಯಕುಲದವನೆಂದು ಒಬ್ಬರು, ಬ್ರಾಹ್ಮಣನೆಂದು ಒಬ್ಬರು, ಧ್ಯಾನಸಿದ್ಧನೆಂದು ಮತ್ತೊಬ್ಬರು ಉತ್ತರವಿತ್ತರು. ಆಗ ಆತನು ಆನೆ, ಕಪಿ, ತಿತ್ತಿರಿಪಕ್ಷಿಗಳ ಕಥೆಯನ್ನು ಹೇಳಿದನು. ಒಂದು ಆಲದ ಮರದ ಬಳಿಯಲ್ಲಿ ವಾಸಿಸುತ್ತಿದ್ದ ಆ ಮೂರೂ, ಆ ಮರವನ್ನು ಎಷ್ಟು ಚಿಕ್ಕದಾಗಿ ಕಂಡ ನೆನಪು ಯಾರಿಗಿದೆಯೆಂದು ವಿಚಾರಿಸಿ, ಅದರ ಬೀಜವನ್ನೇ ತಿಂದು ಅಲ್ಲಿ ಬೀಳಿಸಿದ್ದ ಪಕ್ಷಿಯನ್ನು ಹಿರಿಯನೆಂದು ಒಪ್ಪಿದುವು. ಅಂತೆಯೇ ವಂದನೆ, ಪ್ರತ್ಯುತ್ಥಾನ, ಅಗ್ರಾಸನಗಳು ಹಿರಿತನವನ್ನನುಸರಿಸಿ ಸಲ್ಲತಕ್ಕದ್ದೆಂದು ಬುದ್ಧನು ವಿಧಿಸಿದನು. ಆದರೆ ಒಡನೆಯೇ, ಸಂಘದ ಸಾಮಾನ್ಯ ಸ್ವತ್ತನ್ನು ಹಿರಿತನದ ಹೆಸರಿನಿಂದ ಇತರರಿಗೆ ತಡೆಯಕೂಡದೆಂದೂ ಸೇರಿಸಿದನು.

ಈ ಎರಡನೆಯ ವಿಧಿಯೇ ನಮ್ಮ ಪ್ರಶ್ನೆಗೆ ಕೀಲಿಕೈ. ಹಿರಿಯನಿಗೆ ಮರ್ಯಾದೆ ಸಲ್ಲಲಿ. ಎಲ್ಲರದಾದದ್ದು ಮಾತ್ರ ಅವನೊಬ್ಬನದಾಗದಿರಲಿ. ಹೊರಗೆ ಊಟಮಾಡುವ ಅನುಮತಿಯಿಂದ ಕಿರಿಯರಿಗೆ ಯಾವ ನಷ್ಟವೂ ಇಲ್ಲ. ಮೆರವಣಿಗೆಯಲ್ಲಿ ಮುಂದೆ ನಡೆಯುವುದರಿಂದ ಹಿಂದಿನವರ ದಾರಿ ಕಿರಿದಾಗುವುದಿಲ್ಲ. ಆದರೆ ಕೆಲವು ಶಾಲೆಗಳಲ್ಲಿ ‘ಸೀನಿಯರ್ ಬೆಂಚು’, ‘ಸೀನಿಯರ್ ಅಂಗಳ’ ಎಂದು ಸಾರ್ವಜನಿಕ ಸ್ಥಳವೊಂದನ್ನು ಮೀಸಲಿರಿಸಿ, ಕಿರಿಯರು ಅಲ್ಲಿ ಕಾಲಿಟ್ಟರೆ ಗದರಿಸಿ ಓಡಿಸುವ ವಾಡಿಕೆಯುಂಟಲ್ಲ, ಅದು ಮರ್ಯಾದೆಯಲ್ಲ, ಆಕ್ರಮಣ. ಅದರ ಮುಂದಿನ ಮೆಟ್ಟಿಲು ಹೊಸಬರನ್ನು ಪೀಡಿಸುವುದು. ನಾನು ಪಟ್ಟದ್ದನ್ನು ನೀನೂ ಪಡು ಎಂಬುದೇ ಅದರ ಏಕೈಕ ಸಿದ್ಧಾಂತ.

ಇಂಗ್ಲೆಂಡಿನ ರಗ್ಬಿ ಶಾಲೆಗೆ 1828ರಲ್ಲಿ ಮುಖ್ಯೋಪಾಧ್ಯಾಯರಾಗಿ ಬಂದ ಥಾಮಸ್ ಆರ್ನಲ್ಡ್ ಈ ಹಿರಿತನಕ್ಕೆ ಕರ್ತವ್ಯದ ಮೂಗುದಾರ ಹಾಕಲು ಯತ್ನಿಸಿದರು. ಮೇಲಿನ ತರಗತಿಯವರಿಗೆ ಶಿಸ್ತು ಕಾಯುವ ಅಧಿಕಾರವನ್ನಿತ್ತು, ಶಾಲೆಯ ನೈತಿಕ ಸ್ಥಿತಿಗೆ ಅವರನ್ನೇ ಹೊಣೆಮಾಡಿದ್ದು ಅವರ ಕ್ರಮ. ಉದ್ದೇಶ ಉದಾತ್ತವಾದದ್ದೇ, ಆದರೂ ಕಿರಿಯರಿಂದ ಊಳಿಗ ಮಾಡಿಸಿಕೊಳ್ಳುವ ‘ಫ್ಯಾಗಿಂಗ್’ ಪದ್ಧತಿಯನ್ನು ಅವರು ಕೈಬಿಡಲಿಲ್ಲ. ಹೊಣೆಗಾರಿಕೆಯಿಲ್ಲದ ಸವಲತ್ತು ಪೊಳ್ಳಾದರೆ, ಇನ್ನೊಬ್ಬರ ಮೈಮೇಲಿನ ಅಧಿಕಾರವೇ ಸವಲತ್ತಾದಾಗ ಹೊಣೆಗಾರಿಕೆಯೂ ಅದನ್ನು ಶುದ್ಧಿಮಾಡಲಾರದು. ನಮ್ಮ ನಾಡಿನ ಕಾಲೇಜುಗಳೂ ಇದನ್ನು ಕಂಡಿವೆ. ಕರ್ನಾಟಕದ 1983ರ ಶಿಕ್ಷಣ ಅಧಿನಿಯಮವು ರ‍್ಯಾಗಿಂಗನ್ನು ಅಪರಾಧವೆಂದು ಸಾರಬೇಕಾಗಿ ಬಂದುದು, ಹಿರಿಯರಿಂದ ಕಿರಿಯರಿಗೆ ಸಾಗಿಬಂದದ್ದೆಲ್ಲ ಸಂಪ್ರದಾಯವೆಂಬ ಗೌರವಕ್ಕೆ ಪಾತ್ರವಲ್ಲವೆಂಬುದಕ್ಕೆ ಸಾಕ್ಷಿ.

ಸೀನಿಯರ್ ವರ್ಷದ ಆಚಾರಗಳಲ್ಲಿ ಧಾರ್ಮಿಕವಾದ ಹಂಬಲವೊಂದೂ ಅಡಗಿದೆ. ಫ್ರಾನ್ಸಿನ ವಿದ್ವಾಂಸ ಆರ್ನಲ್ಡ್ ವಾನ್ ಹೆನೆಪ್ 1909ರಲ್ಲಿ ಸಂಸ್ಕಾರಗಳ ರಚನೆಯನ್ನು ವಿವೇಚಿಸುತ್ತ, ಹಳೆಯ ನೆಲೆಯಿಂದ ಬೇರ್ಪಡುವುದು, ನಡುವಿನ ಹೊಸ್ತಿಲಲ್ಲಿ ನಿಲ್ಲುವುದು, ಹೊಸ ನೆಲೆಯಲ್ಲಿ ಸೇರುವುದು ಎಂಬ ಮೂರು ಘಟ್ಟಗಳನ್ನು ಗುರುತಿಸಿದನು. ಸೀನಿಯರ್ ವರ್ಷವು ಒಂದು ಶಾಲಾವರ್ಷದಷ್ಟು ನೀಳವಾದ ಹೊಸ್ತಿಲು. ಹಿಂದೆ ಅಮೆರಿಕದ ಶಾಲೆಗಳಲ್ಲಿ ಪದವಿಪ್ರದಾನಕ್ಕೆ ಮುನ್ನ ‘ಬ್ಯಾಕಲಾರಿಯೇಟ್’ ಎಂಬ ಪ್ರಾರ್ಥನಾಸಭೆ ನಡೆಯುವುದು ಸಾಮಾನ್ಯವಾಗಿತ್ತು. ಪದವಿಪ್ರದಾನದ ಸಭೆಯಲ್ಲಿಯೇ ಧರ್ಮಗುರುಗಳಿಂದ ಪ್ರಾರ್ಥನೆ ಮಾಡಿಸುವ ಪದ್ಧತಿಯ ವಿಷಯದಲ್ಲಿ, ರೋಡ್ ಐಲೆಂಡಿನ ಪ್ರಾವಿಡೆನ್ಸ್ ನಗರದಿಂದ ಬಂದ ‘ಲೀ ವಿರುದ್ಧ ವೈಸ್‌ಮನ್’ ಮೊಕದ್ದಮೆಯನ್ನು 1992ರಲ್ಲಿ ತೀರ್ಮಾನಿಸಿದ ಆ ದೇಶದ ಸರ್ವೋಚ್ಚ ನ್ಯಾಯಾಲಯವು, ಸಾರ್ವಜನಿಕ ಶಾಲೆಗಳಿಗೆ ಅದು ಸಲ್ಲದೆಂದು 5–4ರ ಬಹುಮತದಿಂದ ಹೇಳಿತು. ಹಾಜರಾತಿ ಐಚ್ಛಿಕ, ಬೇಡದವರು ಬಾರದಿರಬಹುದೆಂಬ ಸಮಾಧಾನವನ್ನು ತೀರ್ಪು ಬರೆದ ನ್ಯಾಯಮೂರ್ತಿ ಕೆನೆಡಿಯವರು ಒಪ್ಪಲಿಲ್ಲ. ಬಾಳಿನಲ್ಲಿ ಒಮ್ಮೆ ಬರುವ ಇಂಥ ದಿನವನ್ನು ಬಿಡುವುದೋ ಅಂತಃಸಾಕ್ಷಿಯನ್ನು ಬಿಡುವುದೋ ಎಂಬ ಸಂಕಟಕ್ಕೆ ಮಗುವನ್ನು ದೂಡುವುದು ಪ್ರಭುತ್ವದ ಕೆಲಸವಲ್ಲವೆಂಬುದು ಅವರ ತೀರ್ಪಿನ ತಿರುಳು. ಪ್ರಾರ್ಥನಾಸಭೆಗಳು ಇಂದು ಬಹುಮಟ್ಟಿಗೆ ಇಗರ್ಜಿಗಳ ಮತ್ತು ತಂದೆತಾಯಿಗಳ ಹೊಣೆಯಾಗಿ, ಬಯಸಿದವರಿಗೆ ಮಾತ್ರ ನಡೆಯುತ್ತಿವೆ.

ತೀರ್ಪು ಸಾಧುವಾದುದೆಂದೇ ನನ್ನ ಭಾವನೆ. ಪದವಿಪ್ರದಾನದ ಸಾಲುಗಳಲ್ಲಿ ಇಂದು ಕನ್ನಡದ ಮನೆಗಳ ಮಕ್ಕಳೂ ಗೌನು ತೊಟ್ಟು ಕುಳಿತಿರುತ್ತಾರೆ; ಬಹುಜನರ ದೇವರಿಗೆ ಎದ್ದುನಿಲ್ಲದ ಅಲ್ಪಸಂಖ್ಯಾತನ ಮುಜುಗರ ಎಂಥದೆಂಬುದನ್ನು ಅವರ ತಂದೆತಾಯಿಗಳು ಬಲ್ಲರು. ಆದರೆ ಪ್ರಾರ್ಥನೆಯನ್ನು ಹಿಂದೆಗೆದ ಎಡೆಯಲ್ಲಿ ಏನನ್ನು ತುಂಬಬೇಕೆಂಬುದನ್ನು ನ್ಯಾಯಾಲಯವು ಹೇಳಲಾರದು, ಹೇಳಬೇಕಾದುದೂ ಇಲ್ಲ. ಹೊಸ್ತಿಲಿನಲ್ಲಿ ನಿಂತ ಎಳೆಯರಿಗೆ ಹಿರಿಯರು ಹೇಳತಕ್ಕ ಮಾತೊಂದಿಲ್ಲದಿದ್ದರೆ, ಉಳಿಯುವುದು ಉಡುಪೂ ಉಂಗುರವೂ ಮಾತ್ರ.

ಆ ಮಾತು ಎಂಥದಿರಬೇಕೆಂಬುದಕ್ಕೆ ನಮ್ಮಲ್ಲಿ ಒಂದು ಮಾದರಿ ಉಂಟು. ವೇದಾಧ್ಯಯನವನ್ನು ಮುಗಿಸಿದ ಶಿಷ್ಯನಿಗೆ ಸಮಾವರ್ತನವೆಂಬ ಸಂಸ್ಕಾರ. ಸ್ನಾನಮಾಡಿ ಹೊಸ ವಸ್ತ್ರವನ್ನುಟ್ಟು ಅವನು ಸ್ನಾತಕನಾಗುತ್ತಿದ್ದನು. ಆ ವಿದ್ಯೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲವೆಂಬ ದೋಷ ದೊಡ್ಡದು, ಅದನ್ನು ಮರೆಯಲಾಗದು. ಸಂಸ್ಕಾರದ ಒಳರಚನೆ ಮಾತ್ರ ಮನನಯೋಗ್ಯವಾದುದು. ಸ್ನಾತಕನಿಗೆ ದೊರೆತ ಸವಲತ್ತು ಸಣ್ಣದಲ್ಲ: ದಾರಿಯಲ್ಲಿ ರಾಜನೂ ಸ್ನಾತಕನೂ ಎದುರಾದರೆ ರಾಜನೇ ಗೌರವಿಸಿ ದಾರಿ ಬಿಡತಕ್ಕದ್ದೆಂದು ಮನುಸ್ಮೃತಿಯ ವಿಧಿ. ಅದೇ ಗ್ರಂಥದ ನಾಲ್ಕನೆಯ ಅಧ್ಯಾಯವು ಸ್ನಾತಕನ ವ್ರತಗಳನ್ನು, ಅವನು ಮಾಡಬಾರದವುಗಳನ್ನು, ಬಹು ವಿಸ್ತಾರವಾಗಿ ಪಟ್ಟಿಮಾಡುತ್ತದೆ. ಸವಲತ್ತು ಒಂದು, ವ್ರತಗಳು ನೂರು.

ಅದಕ್ಕಿಂತಲೂ ಮೇಲಾದದ್ದು ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯಲ್ಲಿ ಆಚಾರ್ಯನು ಹೊರಟುನಿಂತ ಶಿಷ್ಯನಿಗೆ ಕೊಡುವ ಅನುಶಾಸನ. ಸತ್ಯವನ್ನೂ ಧರ್ಮವನ್ನೂ ಸ್ವಾಧ್ಯಾಯವನ್ನೂ ಬಿಡದಿರೆಂಬ ಮಾತುಗಳ ನಡುವೆ ಅಲ್ಲೊಂದು ಅಪೂರ್ವವಾದ ಎಚ್ಚರಿಕೆಯಿದೆ: ತಮ್ಮ ನಡತೆಯಲ್ಲಿ ಒಳ್ಳೆಯದಾಗಿರುವುದನ್ನು ಮಾತ್ರ ಅನುಸರಿಸಬೇಕು, ಮಿಕ್ಕುದನ್ನಲ್ಲ, ಎಂದು ಗುರುವೇ ಶಿಷ್ಯನಿಗೆ ಹೇಳುತ್ತಾನೆ. ಪರಂಪರೆಯನ್ನು ಒಪ್ಪಿಸಿಕೊಡುವವನೇ ಜೊತೆಯಲ್ಲಿ ವಿವೇಚನೆಯನ್ನೂ ಒಪ್ಪಿಸಿಕೊಡುತ್ತಾನೆ.

ಅಮೆರಿಕದ ಹಲವು ಶಾಲೆಗಳಲ್ಲಿ ಹೊರಟುಹೋಗುವ ಸೀನಿಯರ್‌ಗಳು ವಿನೋದಕ್ಕಾಗಿ ‘ಮರಣಶಾಸನ’ವೊಂದನ್ನು ಬರೆದು, ತಮ್ಮ ಮೆಚ್ಚಿನ ಮೂಲೆ, ವಾಹನದ ಜಾಗ, ಪೋಕರಿತನಗಳನ್ನು ಕಿರಿಯರಿಗೆ ‘ದಾನಪತ್ರ’ ಮಾಡಿಕೊಡುವ ವಾಡಿಕೆಯಿದೆ. ಸೀನಿಯರ್ ವರ್ಷದ ಆಚಾರಗಳಲ್ಲೆಲ್ಲ ಧರ್ಮಕ್ಕೆ ಅತ್ಯಂತ ಸಮೀಪವಾದುದು ಈ ನಗೆಯಾಟವೇ ಎಂದು ನಾನು ತಿಳಿಯುತ್ತೇನೆ. ಏಕೆಂದರೆ ಅದು ಎರಡು ಸತ್ಯಗಳನ್ನು ಒಪ್ಪಿಕೊಂಡಿದೆ: ತನ್ನ ಹಿರಿತನ ಮುಗಿಯಿತೆಂಬುದು ಒಂದು, ತಾನು ಬಿಟ್ಟುಹೋಗುವುದು ಇನ್ನೊಬ್ಬರ ಪಾಲಿಗೆ ಬರುತ್ತದೆಂಬುದು ಮತ್ತೊಂದು. ಜೂನ್ ತಿಂಗಳಲ್ಲಿ ಶಾಲೆಗೇ ಹಿರಿಯನಾಗಿದ್ದವನು ಎರಡು ಮೂರು ತಿಂಗಳೊಳಗಾಗಿ ಕಾಲೇಜಿನಲ್ಲೋ ಕೆಲಸದಲ್ಲೋ ಎಲ್ಲರಿಗಿಂತ ಕಿರಿಯನಾಗುತ್ತಾನೆ. ಇದು ಆ ಪದವಿಯ ಕೊರತೆಯಲ್ಲ, ಅದರ ಸಾರ್ಥಕತೆ. ಏಕೆಂದರೆ ಅಧಿಕಾರವನ್ನು ಅನುಭವಿಸಿ ಬಿಟ್ಟುಕೊಡುವುದನ್ನು ಹದಿನೆಂಟರಲ್ಲಿ ಕಲಿಯದವನು ಅರುವತ್ತರಲ್ಲಿ ಕಲಿಯುವುದು ಕಷ್ಟ. ಆದುದರಿಂದ ಸರದಿಯ ಹಿರಿತನ ನ್ಯಾಯವೆ ಎಂಬ ಪ್ರಶ್ನೆಗೆ ಉತ್ತರವನ್ನು ಅದು ಬಂದ ಬಗೆಯಲ್ಲಿ ಹುಡುಕುವುದು ಸಾಲದು, ಅದು ಹೋಗುವ ಬಗೆಯಲ್ಲಿ ಹುಡುಕಬೇಕು. ತಾನು ಪಟ್ಟ ಪಾಡನ್ನು ತನ್ನಲ್ಲಿಯೇ ನಿಲ್ಲಿಸಿ, ತನಗೆ ದೊರೆತ ಮನ್ನಣೆಯನ್ನು ಮಾತ್ರ ಮುಂದಕ್ಕೆ ದಾಟಿಸಿದವನ ಸವಲತ್ತು, ಯಾವ ಯೋಗ್ಯತೆಯಿಂದಲೂ ಬಂದದ್ದಲ್ಲವಾದರೂ, ಅವನು ಅದನ್ನು ಬಿಟ್ಟುಕೊಟ್ಟ ರೀತಿಯಿಂದಲೇ ಯೋಗ್ಯವಾಗುತ್ತದೆ.