ದಿನದ ಧಮ್ಮ ಚಿಂತನೆ: ಆಟದೊಳಗಿನ ಅಂಗಿ



ಬಳಗದ ಬಂಧುಗಳೇ, ಇವತ್ತು ಐದನೆಯ ಶೀಲದ ಸರದಿ. ಪ್ರತಿ ರವಿವಾರ ವಂದನೆಯಲ್ಲಿ ಅದನ್ನು ಹೇಳುತ್ತೇವೆ. ಹೇಳುವಾಗ ಕಣ್ಮುಂದೆ ಬರುವುದು ಹೆಂಡದ ಬಾಟ್ಲಿ. ನಾನು ಕುಡಿಯುವವನಲ್ಲ, ಹಾಗಾಗಿ ಈ ಶೀಲ ನನಗೆ ಸಲೀಸು ಎಂದು ಬಹಳ ವರ್ಷ ತಿಳಿದಿದ್ದೆ. ಆದರೆ ಆ ಪಾಲಿ ಮಾತಿನಲ್ಲಿ ಮದ್ಯದ ಮಗ್ಗುಲಿಗೇ ಇನ್ನೊಂದು ಪದ ಕೂತಿದೆ: ಪಮಾದ. ಕನ್ನಡದಲ್ಲಿ ಪ್ರಮಾದ ಎಂದರೆ ತಪ್ಪು. ಪಾಲಿಯಲ್ಲಿ ಅದು ಮೈಮರೆವು, ಕೈ ಏನು ಮಾಡುತ್ತಿದೆ ಎಂಬುದು ಮನಸ್ಸಿಗೆ ಗೊತ್ತಿಲ್ಲದ ಸ್ಥಿತಿ. ಅದಕ್ಕೆ ಬಾಟ್ಲಿಯೇ ಬೇಕೆಂದಿಲ್ಲ.

ಹೋದ ತಿಂಗಳು ಇಳಕಲ್‌ನಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ಸಂಜೆ ಮನೆಗೆ ಬಂದರು. ಮಗ್ಗದವರಿಗೆ ಕಂಡಿಕಿ ಸುತ್ತಿ ಮನೆ ನಡೆಸುವವರು. ಮಗಳ ನರ್ಸಿಂಗ್ ಪ್ರವೇಶಕ್ಕೆಂದು ಬ್ಯಾಂಕಿನಲ್ಲಿ ಕೂಡಿಟ್ಟ ದುಡ್ಡಿನಲ್ಲಿ 4,300 ರೂಪಾಯಿ ಇಲ್ಲ. ಯಾರೋ ಕದ್ದಿದ್ದಲ್ಲ. ಒಂಬತ್ತನೇ ತರಗತಿಯ ಮಗ, ಗುಂಡು ಹಾರಿಸುವ ಒಂದು ಆಟದಲ್ಲಿ, ಇವತ್ತು ಎಂಬತ್ತು, ನಾಳೆ ನೂರಾ ಅರವತ್ತು ಎಂದು ಖರ್ಚು ಮಾಡಿದ್ದ. ತಾಯಿಯ ಪಿನ್ ಅವನಿಗೆ ಗೊತ್ತಿತ್ತು. ರೀಚಾರ್ಜ್ ಮಾಡಿಕೊಡುವವನೇ ಅವನು.

'ಸರ, ಫೋನ್ ಕೊಡಸ್ರಿ ಅಂತ ನೀವ ಹೇಳಿದ್ರಿ' ಅಂದರು ಆಕೆ. ನಿಜ. 2020ರಲ್ಲಿ ಶಾಲೆ ಮುಚ್ಚಿದಾಗ ಅವನು ನಾಲ್ಕನೇ ತರಗತಿ. ಆನ್‌ಲೈನ್ ಪಾಠ ತಪ್ಪಬಾರದೆಂದು ಓಣಿ ಓಣಿ ತಿರುಗಿ ಹೇಳಿದವನು ನಾನೇ. ಫೋನ್ ತರಿಸಿದೆ, ಅದನ್ನು ಬಳಸುವ ರೀತಿ ಕಲಿಸಲಿಲ್ಲ.

ಹುಡುಗನನ್ನು ಬೈಯಲಿಲ್ಲ. ರವಿವಾರ ಬಳಗದವರ ಜೊತೆ ಅವನನ್ನೂ ಐಹೊಳೆಗೆ ಕರೆದುಕೊಂಡು ಹೋದೆ. ಮೇಗುಟಿ ಗುಡ್ಡ ಹತ್ತುವ ದಾರಿಯಲ್ಲಿ ಆ ಎರಡಂತಸ್ತಿನ ಬೌದ್ಧ ಗುಡಿ ಇದೆಯಲ್ಲ, ಚಾವಣಿಯಲ್ಲಿ ಬುದ್ಧ ಕೂತಿರುವುದು, ಅಲ್ಲಿ ನೆರಳಿಗೆ ಕೂತಾಗ ಕೇಳಿದೆ: ಆ ಆಟದಾಗ ಅಂಥದ್ದೇನೈತಪ್ಪಾ?

'ಅಲ್ಲಿ ಯಾರೂ ನಿಮ್ಮ ಓಣಿ ಯಾವ್ದು ಅಂತ ಕೇಳಂಗಿಲ್ರಿ ಸರ.'

ಇಪ್ಪತ್ತು ವರ್ಷ ಪಾಠ ಹೇಳಿದ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಆಟ ಕೆಟ್ಟದ್ದು, ಓದು ಒಳ್ಳೆಯದು ಎಂದು ಮಕ್ಕಳಿಗೆ ಹೇಳುವ ಮೊದಲು ಈ ಮಾತನ್ನು ನಾವೆಲ್ಲ ಕೇಳಿಸಿಕೊಳ್ಳಬೇಕು. ಅಡ್ಡಹೆಸರಿಲ್ಲದ ಒಂದು ಹೆಸರು ಇಟ್ಟುಕೊಂಡು ಎಲ್ಲಿಯದೋ ನಾಲ್ಕು ಹುಡುಗರ ಜೊತೆ ಹೆಗಲು ಕೊಟ್ಟು ಆಡುವ ಸುಖ ಅವನಿಗೆ ಅಲ್ಲಿ ಸಿಕ್ಕಿದೆ. ಊರಿನ ಮೈದಾನದಲ್ಲಿ ಸಿಕ್ಕಿದ್ದರೆ ಅಲ್ಲಿಗೇ ಹೋಗುತ್ತಿದ್ದ.

ಮತ್ತೆ ದುಡ್ಡು ಯಾಕೆ ಬೇಕಾಯಿತು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. ಪುಕ್ಕಟೆ ಅಂಗಿ ತೊಟ್ಟು ಬಂದವನನ್ನು ಅಲ್ಲಿ ನಗುತ್ತಾರಂತೆ, ತಂಡಕ್ಕೆ ಸೇರಿಸಿಕೊಳ್ಳುವುದಿಲ್ಲವಂತೆ. ಅದಕ್ಕೇ ಅಂಗಿ ಕೊಂಡ. ಓಣಿ ಕೇಳದ ಜಾಗದಲ್ಲಿ ಬಟ್ಟೆ ನೋಡಿ ಮೇಲು ಕೀಳು ಮಾಡುತ್ತಾರೆ! ತಾಯಿ ನಿಜವಾದ ನೂಲು ಸುತ್ತಿ ಗಳಿಸಿದ್ದು ಬಟ್ಟೆಯ ಚಿತ್ರಕ್ಕೆ ಹೋಯಿತು. ಇದನ್ನು ಅವನಿಗೆ ನಾನು ಹೇಳಲಿಲ್ಲ. ಅವನೇ ಹೇಳಿದ, ತಲೆ ತಗ್ಗಿಸಿಕೊಂಡು.

ದೀಘನಿಕಾಯದ ಮೊದಲ ಸುತ್ತವಾದ ಬ್ರಹ್ಮಜಾಲದಲ್ಲಿ ಆಟಗಳ ದೊಡ್ಡ ಪಟ್ಟಿಯೇ ಇದೆ. ಎಂಟು ಮನೆಯ ಹಾಸು, ಹತ್ತು ಮನೆಯ ಹಾಸು, ದಾಳ, ಆಟಿಕೆಯ ನೇಗಿಲು, ಪುಟ್ಟ ಬಂಡಿ, ಹಾಸೇ ಇಲ್ಲದೆ ಮನಸ್ಸಿನಲ್ಲೇ ಮನೆ ಬರೆದು ಆಡುವ ಆಟ ಕೂಡ. ಆದರೆ ಅವುಗಳಿಂದ ದೂರವಿರುವ ಮಾತು ಬಂದದ್ದು ಸಮಣರ ವಿಷಯದಲ್ಲಿ. ಗೃಹಸ್ಥ ಸಿಗಾಲನಿಗೆ ಸಿಗಾಲೋವಾದ ಸುತ್ತದಲ್ಲಿ ಬುದ್ಧರು ಹೇಳಿದ್ದು ಜೂಜಿನ ಬಗ್ಗೆ: ಗೆದ್ದರೆ ಹಗೆ, ಸೋತರೆ ಸಂಕಟ, ಇದ್ದ ದುಡ್ಡು ಹೋಯಿತು, ಸಭೆಯಲ್ಲಿ ಮಾತಿಗೆ ಬೆಲೆಯಿಲ್ಲ, ಗೆಳೆಯರ ತಾತ್ಸಾರ, ಹೆಣ್ಣು ಕೊಡುವವರಿಲ್ಲ. ಎಷ್ಟು ವ್ಯವಹಾರದ ಮಾತು ನೋಡಿ, ಎಲ್ಲೂ ನರಕದ ಹೆದರಿಕೆಯಿಲ್ಲ. ಅದೇ ಸುತ್ತದಲ್ಲಿ ಜಾತ್ರೆಯ ಗೀಳಿನ ಮಾತೂ ಇದೆ: ಕುಣಿತ ಎಲ್ಲಿ, ಹಾಡು ಎಲ್ಲಿ ಎಂದು ಸದಾ ಹುಡುಕುವ ಮನಸ್ಸು. ನೋಟಿಫಿಕೇಶನ್ ಬಂತೇ ಎಂದು ಹತ್ತು ನಿಮಿಷಕ್ಕೊಮ್ಮೆ ಫೋನ್ ಎತ್ತುವ ನಮ್ಮ ಕೈ ನೆನಪಾಗುತ್ತದೆ. ಆದ್ದರಿಂದ ನನ್ನ ತಿಳಿವಳಿಕೆ ಇಷ್ಟೇ: ಮಕ್ಕಳು ಆಡಲಿ, ಫೋನಿನಲ್ಲೂ ಆಡಲಿ. ಮೈಮರೆವು ಮತ್ತು ದುಡ್ಡು ಕೂಡುವ ಜಾಗದಲ್ಲಿ ನಾವು ನಿಲ್ಲಬೇಕು.

ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕೇಂದ್ರದ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿದ್ದಿದೆ. ರಮ್ಮಿ ಆ್ಯಪಿನಲ್ಲಿ ಕಳೆದುಕೊಂಡವರು ನಮ್ಮ ಬಳಗದಲ್ಲೂ ಇದ್ದಾರೆ, ಹೆಸರು ಬೇಡ. ಆದರೆ ಅಂಗಿ ಮಾರುವ ಆಟದ ಮಾತು ಬೇರೆ, ಅದಕ್ಕೆ ಮನೆಯಲ್ಲೇ ಬಾಗಿಲು ಹಾಕಬೇಕು. ಯುಪಿಐ ಪಿನ್ ಮಗನಿಗೂ ಗೊತ್ತಿರಬಾರದು; ಗೊತ್ತಿದ್ದರೆ ಇವತ್ತೇ ಬದಲಿಸಿ. ಯುಪಿಐ ಲೈಟ್ ಹಾಕಿಕೊಂಡಿದ್ದರೆ ಸಣ್ಣ ಮೊತ್ತ ಪಿನ್ ಕೇಳದೆಯೇ ಹೋಗುತ್ತದೆ, ಮಕ್ಕಳ ಕೈಗೆ ಹೋಗುವ ಫೋನಿನಲ್ಲಿ ಅದು ಬೇಡ. ಆಟೋಪೇ ಎಂಬಲ್ಲಿ ನಿಮಗೆ ಗೊತ್ತಿಲ್ಲದ ಹೆಸರು ಕೂತಿದೆಯೇ ನೋಡಿ, ಇದ್ದರೆ ತೆಗೆಯಿರಿ. ಪ್ಲೇ ಸ್ಟೋರಿನ ಸೆಟ್ಟಿಂಗ್ಸ್‌ನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಇಡಬಹುದು. ಯಾರಾದರೂ ಮೋಸ ಮಾಡಿ ದುಡ್ಡು ಎಳೆದರೆ ನಾಚಿಕೊಂಡು ಕೂಡಬೇಡಿ, ಕೂಡಲೇ 1930ಕ್ಕೆ ಫೋನ್ ಮಾಡಿ.

ಮುಂದಿನ ರವಿವಾರ ವಂದನೆ ಮುಗಿದ ಮೇಲೆ ಆ ಹುಡುಗನೇ ಒಂದು ಮೂಲೆಯಲ್ಲಿ ಕೂತು ತಾಯಂದಿರ ಫೋನುಗಳನ್ನು ಒಂದೊಂದಾಗಿ ಸರಿ ಮಾಡಿಕೊಟ್ಟ. ಡಿಜಿಟಲ್ ವೆಲ್‌ಬೀಯಿಂಗ್ ಎಂಬಲ್ಲಿ ಪ್ರತಿ ಆ್ಯಪಿಗೂ ದಿನಕ್ಕಿಷ್ಟು ನಿಮಿಷ ಎಂದು ಕಟ್ಟು ಹಾಕಲು ಬರುತ್ತದೆಯೆಂದು ನನಗೆ ತಿಳಿದದ್ದೂ ಅವನಿಂದಲೇ. ಕೊನೆಗೆ ನನ್ನ ಫೋನನ್ನೂ ಕೇಳಿದ. ರಾತ್ರಿ ಊಟವಾದ ಮೇಲೆ ಬಣ್ಣದ ಗುಳಿಗೆ ಜೋಡಿಸುವ ಆಟವೊಂದನ್ನು ನಾನು ಆಡುತ್ತೇನೆ, ಹೆಂಡತಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅದು ಅವನ ಕಣ್ಣಿಗೆ ಬಿತ್ತು.

'ಎಷ್ಟು ನಿಮಿಷ ಇಡಲ್ರಿ ಸರ?'

ಇಪ್ಪತ್ತು ಅಂದೆ.

'ಹತ್ತ ಇಡತೀನ್ರಿ' ಅಂದ.

ಜೈಭೀಮ್.