ಅಡಿಯ ಗಡಿಗೆ

ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಹಳೆಯ ಮನೆಗಳಲ್ಲಿ ಕುಂಬಾರನು ತಟ್ಟಿ ಆವಿಗೆಯಲ್ಲಿ ಸುಟ್ಟ ಮಡಕೆಗಳನ್ನು ಒಂದರ ಮೇಲೊಂದು ಪೇರಿಸಿ ಇಡುತ್ತಿದ್ದರು. ಅದಕ್ಕೆ ಅಡಕಲು ಎಂದು ಹೆಸರು. ಅಡಿಯ ಗಡಿಗೆಯಲ್ಲಿ ಬೂದಿ ಬೆರೆಸಿದ ಬೀಜ, ನಡುವೆ ಹುಣಿಸೆ, ಮೇಲಿನ ಕುಡಿಕೆಯಲ್ಲಿ ಸೂಜಿ, ದಾರ, ಬಜೆ, ಚಿಲ್ಲರೆ ಕಾಸು.

ಹೀಗೆ ಕೂಡಿಡುವದು ಲೋಭವೋ? ಅಲ್ಲ, ಬೀಜವನ್ನು ಕಾಪಾಡದವನು ಬಿತ್ತನೆಯ ಕಾಲದಲ್ಲಿ ಪರರ ಬಾಗಿಲಿಗೆ ಹೋಗಬೇಕಾಗುವದು. ಆದರೆ ನೆರೆಯವಳು ಹಿಡಿ ಬೀಜ ಕೇಳಿದಾಗ, “ಅದು ಅಡಿಯ ಗಡಿಗೆಯಲ್ಲುಂಟು, ಇಳಿಸುವವರಾರು?” ಎಂದು ಕಳುಹಿಸಿದರೆ, ನಾವು ಸುಳ್ಳಾಡಲಿಲ್ಲ, ಕೊಡಲೂ ಇಲ್ಲ. ಲೋಭವು ಇರುವದು ಅಲ್ಲಿಯೇ. ಇಡುವದು ತಪ್ಪಲ್ಲ; ಇಳಿಸಲು ಬೇಸರಪಡುವದು ತಪ್ಪು.

ಇಂದು ಹಲವು ಮನೆಗಳಲ್ಲಿ ಮಡಕೆಗಳ ಬದಲಿಗೆ ಉಕ್ಕಿನ ಡಬ್ಬಿಗಳು ಬಂದಿವೆ. ಆ ನೆವ ಮಾತ್ರ ಹಾಗೆಯೇ ಉಳಿದಿದೆ. ಆದದರಿಂದ ಕೇಳುವವರು ಬಾಗಿಲಲ್ಲಿ ನಿಂತಿರುವಾಗಲೇ ಮೇಲಿನವುಗಳನ್ನು ಇಳಿಸೋಣ.